ಅಳಿಯ ಮಾಡಿದ ಬಾಣಂತನ

ನನ್ನ ಹೆಂಡತಿಗೆ ಹೆರಿಗೆಯ ದಿನ ಹತ್ತಿರವಾಗಿದ್ದಾಗ ನಮ್ಮ ಅತ್ತೆ ಬಸವೇಶ್ವರನಗರದ ತಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಬಾಣಂತನಕ್ಕೆ ಬೇಕಾಗುತ್ತದೆಂದು ಅಟ್ಟದಿಂದ ಇಳಿಸಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರಂತೆ. ಹಂಡೆಗೆ ಏನೂ ಆಗಲಿಲ್ಲ. ಅತ್ತೆಯ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು.

ಬೇರೆ ಹೆಂಗಸರು ಯಾರೂ ಒದಗುವಂತಿರಲಿಲ್ಲ. ನನ್ನ ತಾಯಿ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಹೆಂಡತಿ ಒಬ್ಬಳೇ ಮಗಳು. ಎಳೆ ಮಕ್ಕಳಿಗೆ ನೀರು ಹಾಕುವುದರಲ್ಲಿ ಹೆಸರಾಗಿದ್ದ ಒಬ್ಬ ಅಜ್ಜಿ ವಿಜಯನಗರದಲ್ಲಿದ್ದರು. ಹುಡುಕಿಕೊಂಡು ಹೋದರೆ, ಸ್ವಂತ ಮೊಮ್ಮಗಳದೇ ಹೆರಿಗೆ, ಅಲ್ಲಿಗೆ ಹೋಗಿಬಿಟ್ಟಿದ್ದಾರೆ ಎಂದು ತಿಳಿಯಿತು. ಹೀಗೆ ಒಬ್ಬೊಬ್ಬರೇ ಬಿಟ್ಟುಹೋಗಿ, ಎರಡೂ ಕೈ ನೆಟ್ಟಗಿದ್ದು ಬೆಳಗಿನ ಹೊತ್ತು ಮನೆಯಲ್ಲಿರುವ ಮನುಷ್ಯ ಎಂದು ಉಳಿದವನು ನಾನು. ನಾನು ವಿಜಯನಗರದ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕ್ಲಾಸು ಇರುವುದು ಸಂಜೆ.

ಅತ್ತೆ ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು, ಮಾವನವರನ್ನು ಜೊತೆಗೆ ಕರೆದುಕೊಂಡು, ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬಂದು ಇಳಿದರು. ಸೋಫಾದ ಮೇಲೆ ಕೂತು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದರು. ಮಾರುಕಟ್ಟೆಯಲ್ಲಿ ಬೇರೆ ತರಕಾರಿ ಸಿಗದಿದ್ದಾಗ ಉಳಿದದ್ದನ್ನು ನೋಡುವ ಹಾಗೆ ನೋಡಿದರು.

"ನಾನು ಬಾಯಲ್ಲಿ ಹೇಳ್ತೀನಿ. ನೀವು ಕೈಯಲ್ಲಿ ಮಾಡಿ," ಎಂದರು.

"ಆಗ್ಲಿ ಅತ್ತೆ," ಎಂದೆ.

ಮಾವ ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾದವರು. ಓದುತ್ತಿದ್ದ ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಅದೆಲ್ಲ ಹೇಳಿಕೊಟ್ರೆ ಬರೋದಲ್ಲ ಕಣೇ. ಹೆಂಗಸರಿಗೆ ಅದು ರಕ್ತದಲ್ಲೇ ಇರುತ್ತೆ," ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿದರು. "ನೀವೇ ಬಯಾಲಜಿ ಮೇಷ್ಟ್ರು. ನಿಮಗೆ ನಾನು ಹೇಳ್ಬೇಕಾ?"

ಅರ್ಧದಷ್ಟು ನಾನೂ ಹಾಗೇ ನಂಬಿದ್ದೆ. ತಾಯಿಗೆ ಹಾಲು ಬರುವ ಪಾಠವನ್ನು ನಾನು ಬೋರ್ಡಿನ ಮೇಲೆ ಎರಡು ಬಾಣದ ಗುರುತಿನಲ್ಲಿ ಮುಗಿಸುತ್ತಿದ್ದೆ. ಮಗು ಚೀಪುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಮಿದುಳಿನಿಂದ ಹಾರ್ಮೋನು ಹೊರಡುತ್ತದೆ, ಹಾಲು ಬರುತ್ತದೆ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಸಾಕು.

ಆಸ್ಪತ್ರೆಯಲ್ಲಿ ಇಷ್ಟು ಸಾಕಾಗಲಿಲ್ಲ. ಮಗಳು ಹುಟ್ಟಿದಳು, ಅತ್ತಳು, ತಾಯಿಯ ಎದೆಗೆ ಮುಖವಿಟ್ಟು ಇನ್ನೂ ಜೋರಾಗಿ ಅತ್ತಳು. ಏನು ಮಾಡಬೇಕೆಂದು ಮಗುವಿಗೂ ಗೊತ್ತಿರಲಿಲ್ಲ, ತಾಯಿಗೂ ಗೊತ್ತಿರಲಿಲ್ಲ. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ ನನ್ನ ಹೆಂಡತಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿ ಅಭ್ಯಾಸವಿಲ್ಲ. ಬೆವರಿಳಿಸಿಕೊಂಡು ಬಗ್ಗಿ ಬಗ್ಗಿ ನೋಡಿದಳು. ಕೇರಳದ ಕಡೆಯ ಒಬ್ಬ ನರ್ಸ್ ಬಂದು, "ಮೇಡಂ, ನೀವು ಮಗು ಹತ್ರ ಬಗ್ಗಬಾರದು, ಮಗೂನ ನಿಮ್ಮ ಹತ್ರ ತರಬೇಕು," ಎಂದು ತೋರಿಸಿಕೊಟ್ಟಳು. ನಾನು ದಿಂಬು ಹಿಡಿದುಕೊಂಡೆ. ಎರಡು ದಿನ ಆ ನರ್ಸ್ ಮೇಷ್ಟ್ರು, ನಾವಿಬ್ಬರೂ ವಿದ್ಯಾರ್ಥಿಗಳು.

ನನ್ನ ಹೆಂಡತಿ ಹಿರಿಯರ ಮುಂದೆ ನನ್ನನ್ನು "ರೀ" ಎನ್ನುತ್ತಾಳೆ, ಯಾರೂ ಇಲ್ಲದಾಗ "ಲೋ" ಎನ್ನುತ್ತಾಳೆ. ನರ್ಸ್ ಆಚೆ ಹೋದ ಮೇಲೆ ಅಂದಳು: "ಲೋ, ಇದು ತಾನಾಗೇ ಬರುತ್ತೆ ಅಂತ ಎಲ್ರೂ ಹೇಳಿದ್ರಲ್ಲೋ. ನಂಗೊಬ್ಬಳಿಗೇ ಬರ್ತಿಲ್ವಾ?"

ನನ್ನ ಹತ್ತಿರ ಇದ್ದದ್ದು ಎರಡು ಬಾಣದ ಗುರುತು. ದಿಂಬು ಸರಿಮಾಡಿದೆ. ಮೂರನೆಯ ದಿನ ಮಗು ಹಿಡಿಯಿತು, ಹಾಲೂ ಬಂತು. ಆಮೇಲೆ ಎಲ್ಲರೂ ಅದು ತಾನಾಗೇ ಬಂತು ಎಂದರು.

ಹೊಕ್ಕುಳ ಬಳ್ಳಿ ಉದುರಿದ ಮೇಲೆ ಮನೆಯಲ್ಲಿ ಮೊದಲ ಎಣ್ಣೆನೀರು. ನಮ್ಮಲ್ಲಿ ಎಳೆ ಮಗುವಿಗೆ ನೀರು ಹಾಕುವುದು ಕಾಲಿನ ಮೇಲೆ: ಹಾಕುವವರು ಮಣೆಯ ಮೇಲೆ ಕೂತು ಎರಡೂ ಕಾಲು ಮುಂದಕ್ಕೆ ನೀಡಿಕೊಂಡು, ಜೋಡಿಸಿದ ಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಾರೆ. ನಾನು ಪಂಚೆಯನ್ನು ಮಂಡಿಯ ಮೇಲಕ್ಕೆ ಮಡಿಸಿ ಕಾಲು ನೀಡಿಕೊಂಡು ಕೂತೆ. ಅತ್ತೆ ಬಚ್ಚಲ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡಿದ್ದರು. ಮುಂದಕ್ಕೆ ಬಗ್ಗಿ ನನ್ನ ಕಾಲುಗಳನ್ನು ನೋಡಿದರು. ಮದುವೆಯಾದಾಗಿನಿಂದ ಅವರು ನನ್ನ ಕಾಲನ್ನು ಹಿಮ್ಮಡಿಗಿಂತ ಮೇಲೆ ನೋಡಿರಲಿಲ್ಲ.

"ಇದರ ಮೇಲೆ ಮಲಗಿಸೋದಾ?" ಎಂದರು.

"ಯಾಕತ್ತೆ?"

"ಹೆಂಗಸರ ಕಾಲಲ್ಲಿ ಮಾಂಸ ಇರುತ್ತೆ, ಮಗು ಹಾಸಿಗೆ ಮೇಲೆ ಮಲಗಿದ ಹಾಗೆ ಮಲಗುತ್ತೆ. ಇದು ಬರೀ ಮೂಳೆ. ಅದರ ಮೇಲೆ ಈ ಕಾಡು."

ಕಾಡು ಎಂದದ್ದು ಕೂದಲನ್ನು. ಗಂಡಸರ, ಹೆಂಗಸರ ಮೈಯಲ್ಲಿ ಕೊಬ್ಬು ಸೇರುವ ಜಾಗ ಬೇರೆ ಬೇರೆ ಎನ್ನುವುದು ನಿಜ, ನಾನೇ ಪಾಠ ಮಾಡಿದ್ದೇನೆ. ಅದು ಒಂದು ದಿನ ನನ್ನ ಕೆಲಸಕ್ಕೇ ಅಡ್ಡ ಬರುತ್ತದೆ ಎಂದು ಪಾಠ ಮಾಡುವಾಗ ಹೊಳೆದಿರಲಿಲ್ಲ. ಅತ್ತೆಯ ಹಳೆಯ ನೂಲಿನ ಸೀರೆಯ ತುಂಡನ್ನು ಮಡಿಸಿ ಕಾಲ ಮೇಲೆ ಹಾಸಿ ನೋಡಿದೆವು. ಎಣ್ಣೆ ಬಿದ್ದ ಕೂಡಲೇ ಬಟ್ಟೆ ಜಾರಿತು, ಬಟ್ಟೆಯ ಜೊತೆ ಮಗುವೂ ಜಾರಿತು. ನಾನು ಹಿಡಿದುಕೊಂಡೆ. ಬಟ್ಟೆ ತೆಗೆದರೆ ಕೂದಲು ಚುಚ್ಚಿ ಮಗು ಕಿರುಚಿತು. ಆವತ್ತು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಎತ್ತಿಕೊಂಡು ಬಂದೆವು.

ಮೂಳೆಗೆ ಏನೂ ಮಾಡುವಂತಿರಲಿಲ್ಲ. ಕೂದಲಿಗೆ ಮಾಡಬಹುದಿತ್ತು. ನಾನು ಯಾವಾಗಲೂ ಹೋಗುವ ಕಟಿಂಗ್ ಶಾಪಿಗೆ ಹೋಗಿ ಪ್ಯಾಂಟನ್ನು ಮೇಲಕ್ಕೆ ಮಡಿಸಿ, ಕಾಲು ಬೋಳಿಸಿಕೊಡಿ ಎಂದೆ.

"ಸೈಕಲ್ ರೇಸಾ ಸಾರ್?" ಎಂದು ಅಂಗಡಿಯವನು ಕೇಳಿದ.

"ಅಲ್ಲ. ಮಗೂಗೆ ನೀರು ಹಾಕೋಕೆ."

ಅವನು ಬ್ಲೇಡು ಬದಲಾಯಿಸಿದ. ಪಕ್ಕದ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದವರು ಕನ್ನಡಿಯಲ್ಲಿ ನನ್ನ ಕಾಲು ನೋಡಿದರು, ನನ್ನ ಮುಖ ನೋಡಿದರು, ಕಣ್ಣು ಮುಚ್ಚಿಕೊಂಡರು.

ಮಾರನೆಯ ದಿನ ನೀರು ಹಾಕಿದೆ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಎದೆ, ಬೆನ್ನು, ಕೈಕಾಲು ನೀವಿ, ಹೆಸರುಹಿಟ್ಟು ಹಚ್ಚಿ, ಎಡಗೈಯಲ್ಲಿ ಕತ್ತು ಹಿಡಿದು ಬಲಗೈಯಲ್ಲಿ ಚೊಂಬಿನಿಂದ ಹುಯ್ಯಬೇಕು. "ಕತ್ತು! ಕತ್ತು ಹಿಡೀರಿ! ಮುಖದ ಮೇಲೆ ಹುಯ್ಬೇಡಿ, ಹಣೆಗೆ ಕೈ ಅಡ್ಡ ಇಡಿ!" ಎಂದು ಅತ್ತೆ ಕೂಗುತ್ತಿದ್ದರು. ಅವರ ಪ್ಲಾಸ್ಟರ್ ಕೈ ಕೊರಳ ಪಟ್ಟಿಯೊಳಗೇ ತಾನಾಗಿ ನೀರು ಹುಯ್ಯುತ್ತಿತ್ತು. ಮಗು ಅತ್ತಿತು. ಕೊನೆಯ ನೀರಿನ ಹೊತ್ತಿಗೆ ನನ್ನ ಕಾಲುಗಳು ಮರಗಟ್ಟಿದ್ದವು. ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆ ಸುತ್ತಿ ಮಲಗಿಸಿದ ಕೂಡಲೇ ಮಗು ಸ್ವಿಚ್ ಆರಿಸಿದ ಹಾಗೆ ನಿದ್ದೆ ಹೋಯಿತು.

"ಪರವಾಗಿಲ್ಲ," ಎಂದರು ಅತ್ತೆ. ಆವತ್ತು ನೋಡೋಕಾಗ್ತಿರಲಿಲ್ಲ ಎಂದು ಎಷ್ಟೋ ದಿನಗಳ ಮೇಲೆ ಹೇಳಿದರು.

ಬಾಣಂತಿಗೆ ನೀರು ಹಾಕುವ ವಿಷಯಕ್ಕೆ ಬಂದಾಗ ಅತ್ತೆ ಸ್ವಲ್ಪ ತಡವರಿಸಿದರು. ಬೆನ್ನಿಗೆ ಸೊಂಟಕ್ಕೆ ಸುಡುನೀರು ಎರಚುವುದು ತಾಯಿ ಮಾಡುವ ಕೆಲಸ, ಗಂಡ ಮಾಡುವುದೆಂದರೆ ಹೇಗೆ, ನೋಡಿದವರು ಏನೆಂದುಕೊಳ್ಳುತ್ತಾರೆ ಎಂದರು. ಬಚ್ಚಲ ಒಳಗೆ ನೋಡುವವರು ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಹೆಂಡತಿಯೇ ಒಳಗಿಂದ ಹೇಳಿದಳು: "ಅಮ್ಮಾ, ಮಗು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿದೆ." ಮಾವ ಪೇಪರು ತೆಗೆದುಕೊಂಡು ಮಹಡಿಗೆ ಹೋದರು.

ಮಗುವನ್ನು ನೋಡಲು ಬ್ಯಾಡರಹಳ್ಳಿಯಿಂದ ಅತ್ತೆಯ ಅಕ್ಕ ಬಂದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುತ್ತಾ ಬಾಣಂತಿ ಕೋಣೆಯಿಂದ ಹೊರಗೆ ಬಂದದ್ದನ್ನು ಅವರು ನೋಡಿದರು.

"ಗಂಡಸು ಬಾಣಂತಿ ಕೋಣೆಗೆ ಹೋಗಿ ಬಂದು ಮಾಡ್ತಾರಾ?" ಎಂದು ತಂಗಿಯನ್ನು ಕೇಳಿದರು. "ಮಗು ಬೇರೆ ಹೆಣ್ಣು. ಗಂಡಸಿನ ಕೈಯಲ್ಲಿ ಬೆಳೆದ್ರೆ ನಾಳೆ ಗಂಡುಬೀರಿ ಆಗ್ತಾಳೆ ನೋಡ್ತಾ ಇರು."

ಈ ಮಾತು ಹೇಳಿದ ದೊಡ್ಡಮ್ಮ, ಗಂಡ ತೀರಿಕೊಂಡ ಮೇಲೆ ತಾವೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಸ್ತ್ರಿಯ ಎದುರು ನಿಂತು ಮೂರಂತಸ್ತಿನ ಮನೆ ಕಟ್ಟಿಸಿದವರು. ಲಾರಿಯಲ್ಲಿ ಬಂದ ಮರಳನ್ನು ಮುಷ್ಟಿಯಲ್ಲಿ ಹಿಡಿದು ಮಣ್ಣು ಎಷ್ಟು ಸೇರಿದೆ ಎಂದು ಹೇಳುತ್ತಿದ್ದರು. ಬಾಡಿಗೆ ಕೊಡದವನ ಸಾಮಾನನ್ನು ರಸ್ತೆಗೆ ಹಾಕಿಸಿದ್ದೂ ಉಂಟು.

"ಅಕ್ಕಾ, ನಾಳೆಯಿಂದ ನೀನು ಬಂದು ನೀರು ಹಾಕ್ತೀಯಾ?" ಎಂದು ಅತ್ತೆ ಕೇಳಿದರು.

"ನಂಗೆ ಮಂಡಿ ನೋವು ಕಣೇ."

"ಹಂಗಾದ್ರೆ ಕಾಫಿ ಕುಡಿ."

ಕಾಫಿ ಮಾಡಿದ್ದು ನಾನು. ಚೆನ್ನಾಗಿದೆ ಎಂದರು, ಅತ್ತೆಯನ್ನು ನೋಡಿಕೊಂಡು.

ಆ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಬಾಣಂತನವೂ ನಡೆಯುತ್ತಿತ್ತು, ಅದು ಬಾಗಿಲು ಹಾಕಿಕೊಂಡು. ಅತ್ತೆಗೆ ಸೊಂಟದವರೆಗೆ ಬರುವ ಕೂದಲು, ಒಂದೇ ಕೈಯಲ್ಲಿ ಅದನ್ನು ಹೆಣೆದುಕೊಳ್ಳಲು ಆಗುವುದಿಲ್ಲ. ಮೊದಮೊದಲು ಮಗಳು ಹೆಣೆದುಕೊಡುತ್ತಿದ್ದಳು. ಮೂರು ಎಳೆ ಮಾಡಿಕೊಳ್ಳುವ ಹೊತ್ತಿಗೆ ಮಗು ಅಳುತ್ತಿತ್ತು. ಒಂದು ಬೆಳಿಗ್ಗೆ ಅತ್ತೆ ಕೂದಲು ಬಿಚ್ಚಿಕೊಂಡೇ ಕೋಣೆಯ ಬಾಗಿಲಿಗೆ ಬಂದು, "ಏನ್ರೀ, ಸ್ವಲ್ಪ ಒಳಗೆ ಬನ್ನಿ," ಎಂದು ಮಾವನವರನ್ನು ಕರೆದರು. ಬಾಗಿಲು ಮುಚ್ಚಿತು. ಬಹಳ ಹೊತ್ತಿನ ಮೇಲೆ ಅತ್ತೆ ಹೊರಗೆ ಬಂದಾಗ ಜಡೆ ಎಡಗಿವಿಯ ಹಿಂದಿನಿಂದ ಹೊರಟಿತ್ತು. ಮಾವ ಹೋಗಿ ಕೈ ತೊಳೆದುಕೊಂಡು ಬಂದು ಪೇಪರು ಬಿಡಿಸಿದರು.

ದಿನ ಕಳೆದ ಹಾಗೆ ಜಡೆ ನಿಧಾನವಾಗಿ ಬೆನ್ನಿನ ನಡುವಿಗೆ ಬಂತು. ಒಂದು ದಿನ ನಾನು ಒಣಗಿದ ಬಟ್ಟೆಗಳನ್ನು ಕೊಡಲು ಆ ಕೋಣೆಯ ಹತ್ತಿರ ಹೋದಾಗ ಒಳಗಿನ ಮಾತು ಕೇಳಿಸಿತು.

"ನೋವಾಯ್ತಾ?"

"ಇಲ್ಲ. ಸಿಕ್ಕು ಕೆಳಗಿನಿಂದ ಬಿಡಿಸ್ಕೊಂಡು ಬನ್ನಿ."

ಬಟ್ಟೆಯನ್ನು ಸೋಫಾದ ಮೇಲೇ ಇಟ್ಟು ಬಂದೆ. ಇನ್ನೊಂದು ಸಲ ಬಂದಾಗ ದೊಡ್ಡಮ್ಮ ಜಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಯಾರು ಹಾಕಿದ್ದು, ಇಷ್ಟು ಬಿಗಿಯಾಗಿದೆ ಎಂದು ಕೇಳಿದರು. ಅತ್ತೆ ಬಾಯಿ ತೆರೆಯುವ ಮೊದಲೇ ಮಾವ, "ಕೆಲಸದವಳು," ಎಂದುಬಿಟ್ಟರು. ಪಾತ್ರೆ ತೊಳೆಯಲು ಬರುತ್ತಿದ್ದಾಕೆ ಆಗ ಅಲ್ಲೇ ಇದ್ದಳು. ನಮ್ಮೆಲ್ಲರ ಮುಖವನ್ನೂ ನೋಡಿ ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಅತ್ತೆಯ ಬೆರಳುಗಳು ಪೆಡಸಾಗಿದ್ದವು. ರಬ್ಬರ್ ಚೆಂಡು ಹಿಸುಕಿ ಹಿಸುಕಿ ಸರಿಮಾಡಿಕೊಂಡರು. ಒಂದು ಬೆಳಿಗ್ಗೆ ಮಾವ ಬಾಚಣಿಗೆ ಹಿಡಿದುಕೊಂಡು ಕೋಣೆಗೆ ಹೋದರೆ ಅತ್ತೆ ಆಗಲೇ ತಾವೇ ಜಡೆ ಹಾಕಿಕೊಂಡು ಹೂ ಮುಡಿಯುತ್ತಿದ್ದರು. ಮಾವ ಬಾಚಣಿಗೆಯನ್ನು ಕನ್ನಡಿಯ ಹತ್ತಿರ ಇಟ್ಟು, ಏನೋ ಹುಡುಕುವವರ ಹಾಗೆ ಅಲ್ಲಿ ಇಲ್ಲಿ ನೋಡಿ, ಹೊರಗೆ ಬಂದರು. ಆವತ್ತು ಪೇಪರು ಓದಲಿಲ್ಲ.

ಕೈ ಬಂದ ಮೇಲೆ ಅತ್ತೆ ನೀರು ಹಾಕುವ ಕೆಲಸವನ್ನು ನನ್ನಿಂದ ವಾಪಸ್ ತೆಗೆದುಕೊಂಡರು. ಅವರ ಕಾಲಲ್ಲಿ ಬೇಕಾದಷ್ಟು ಮಾಂಸವಿತ್ತು, ಮಗು ಹಾಸಿಗೆಯ ಮೇಲೆ ಮಲಗಿದ ಹಾಗೆ ಮಲಗಬೇಕಿತ್ತು. ಮಲಗಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಇಡೀ ಬೀದಿಗೆ ಕೇಳುವಂತೆ ಕಿರುಚಿತು. ನನ್ನ ಎರಡು ಮೂಳೆಗಳ ಮೇಲೆ ಬಂದ ಕೂಡಲೇ ಸುಮ್ಮನಾಯಿತು.

"ಅಭ್ಯಾಸ ಆಗೋಗಿದೆ," ಎಂದು ಅತ್ತೆ ಒಪ್ಪಿಕೊಂಡರು. ಸ್ವಲ್ಪ ಬೇಸರದಿಂದಲೇ. ಅದಾದ ಮೇಲೆ ಅವರೂ ಮಾವನವರೂ ಬಸವೇಶ್ವರನಗರಕ್ಕೆ ಹಿಂತಿರುಗಿದರು.

ರಜೆ ಮುಗಿದು ನನ್ನ ಹೆಂಡತಿ ಕೆಂಗೇರಿಯ ತನ್ನ ಬ್ಯಾಂಕಿಗೆ ಹೋಗತೊಡಗಿದಳು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಹೋಗಿಬರುತ್ತಿದ್ದಳು. ಹಾಲನ್ನು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದಳು. ನಾನು ಬೆಚ್ಚಗೆ ಮಾಡಿ ಕುಡಿಸುತ್ತಿದ್ದೆ. ನಾನು ಕ್ಲಾಸಿಗೆ ಹೊರಡುವ ಹೊತ್ತಿಗೆ ಅತ್ತೆ ಬಂದು, ಅವಳು ಬರುವವರೆಗೆ ಮಗುವಿನ ಜೊತೆ ಇರುತ್ತಿದ್ದರು. ಹಾಲು ಹಿಂಡಿಕೊಳ್ಳಲು ಬ್ಯಾಂಕಿನಲ್ಲಿ ಅವಳಿಗೆ ಸಿಕ್ಕ ಜಾಗ ಹಳೆಯ ಕಡತಗಳ ಕೋಣೆ. ಕೆಲಸಕ್ಕೆ ಹೋದ ಮೊದಲ ವಾರ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಹೊತ್ತುಕೊಂಡು ಕೌಂಟರಿಗೆ ಬಂದಳಂತೆ. ಆ ಕೂಸು ಅತ್ತಿತು. ಇವಳ ಕುರ್ತಾ ಎದೆಯ ಹತ್ತಿರ ಒದ್ದೆಯಾಯಿತು.

"ಯಾರ್ದೋ ಮಗು ಕಣೋ. ನಂಗೂ ಅದಕ್ಕೂ ಏನು ಸಂಬಂಧ?" ಎಂದಳು ಮನೆಗೆ ಬಂದು. "ದುಪಟ್ಟಾ ಎಳ್ಕೊಂಡು ಕೂತೆ. ಮೈಗೆ ಬುದ್ಧಿನೇ ಇಲ್ಲ."

ಇದೂ ನನ್ನ ಪಾಠದಲ್ಲಿ ಇರಲಿಲ್ಲ. ನನ್ನ ಮೈಯೂ ಬುದ್ಧಿ ಕಳೆದುಕೊಂಡಿತ್ತು. ಮೊದಲು ಪಕ್ಕದಲ್ಲಿ ಬೋರ್‌ವೆಲ್ ಕೊರೆದರೂ ಏಳದ ನಾನು ಈಗ ಮಗು ಮಗ್ಗುಲು ಬದಲಾಯಿಸಿದರೆ ಎದ್ದು ಕೂರುತ್ತಿದ್ದೆ. ಟ್ಯುಟೋರಿಯಲ್‌ನಲ್ಲಿ ಪಾಠ ಮಾಡುತ್ತಾ ನಿಂತಾಗ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ ತೂಗಾಡುತ್ತಿದ್ದೆನಂತೆ. "ಸಾರ್, ನಿಮ್ಮನ್ನ ನೋಡ್ತಿದ್ರೆ ನಿದ್ದೆ ಬರುತ್ತೆ," ಎಂದು ಒಬ್ಬಳು ಹುಡುಗಿ ಹೇಳಿದಳು.

ಒಂದು ಭಾನುವಾರ ಸಂಜೆ ಹೆಂಡತಿ ಮಗುವಿಗೆ ಹಾಲು ಕುಡಿಸಿದಳು. ಹೊಟ್ಟೆ ತುಂಬಿದ ಮೇಲೆ ಮಗು ಅವಳ ತೋಳಿನಿಂದ ನನ್ನ ಕಡೆ ವಾಲಿ, ಎರಡೂ ಕೈ ಚಾಚಿ ರಾಗ ಎಳೆಯಿತು. ನಾನು ಎತ್ತಿಕೊಂಡೆ. ಸುಮ್ಮನಾಯಿತು.

"ಕುಡಿಯೋಕೆ ನಾನು. ಮಿಕ್ಕಿದ್ದಕ್ಕೆಲ್ಲ ನೀನು," ಎಂದಳು ಹೆಂಡತಿ.

"ಹಾಗಲ್ಲ. ಹಗಲೆಲ್ಲ ಯಾರ ಮೈವಾಸನೆ ಜಾಸ್ತಿ ಸಿಗುತ್ತೋ ಮಗುವಿನ ಮಿದುಳು ಅವರನ್ನ..."

"ಪಾಠ ಮಾಡ್ಬೇಡ."

ನಾನು ನಿಲ್ಲಿಸಿದೆ. ಅವಳು ಕುರ್ತಾದ ಗುಂಡಿ ಹಾಕಿಕೊಂಡಳು. ಒಂದು ಗುಂಡಿ ತಪ್ಪಿತು, ಬಿಚ್ಚಿ ಮತ್ತೆ ಹಾಕಿಕೊಂಡಳು.

"ಲೋ, ನಾನು ಇವಳಿಗೆ ಒಂದು ಸಲನೂ ನೀರು ಹಾಕಿಲ್ಲ, ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ, ಅಂದರೆ ಲಕ್ಷ್ಯಕ್ಕೆ ಬಂದಿರಲಿಲ್ಲ. ಬಾಣಂತನದಲ್ಲಿ ನೀರು ಮುಟ್ಟಬೇಡ ಎಂದು ಅವಳನ್ನು ಮಂಚದ ಮೇಲೆ ಕೂರಿಸಿದ್ದೆವು. ಆಮೇಲೆ ಅತ್ತೆ ಪ್ರಯತ್ನಪಟ್ಟರು, ನಾನು ಮುಂದುವರಿಸಿದೆ. ಅವಳನ್ನು ಯಾರೂ ಕರೆಯಲಿಲ್ಲ, ಅವಳಿಗೆ ಬಂದೇ ಬರುತ್ತದೆ, ಬೇಕಾದಾಗ ಹಾಕುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವಳಿಗೆ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ಅವಳಿಗೆ ನಾಚಿಕೆಯಾಗಿತ್ತು. ನನಗೆ ಬರುವುದಿಲ್ಲ ಎಂದು ಹೇಳಲು ನನಗೆ ಎಂದೂ ನಾಚಿಕೆಯಾಗಿರಲಿಲ್ಲ. ಗಂಡಸಾದ್ದರಿಂದ ಅದು ನನಗೆ ಪುಕ್ಕಟೆಯಾಗಿ ಸಿಕ್ಕ ಸೌಕರ್ಯ.

ಮುಂದಿನ ಭಾನುವಾರ ಅತ್ತೆ ಮಾವ ಬಂದರು. ಹೆಂಡತಿ ಹಳೆಯ ನೈಟಿ ಹಾಕಿಕೊಂಡು ಮಣೆಯ ಮೇಲೆ ಕಾಲು ನೀಡಿ ಕೂತಳು. ಅತ್ತೆ ಚೊಂಬು ಕೊಡಲು ಪಕ್ಕದಲ್ಲಿ ನಿಂತರು. ನಾನು ಬಾಗಿಲಲ್ಲಿ ನಿಂತೆ. ಮಗು ಕಾಲಿನ ಮೇಲೆ ಮಲಗಿ, ತಾಯಿಯ ಮುಖವನ್ನು ಈ ಕೋನದಿಂದ ನೋಡಿಲ್ಲವಲ್ಲ ಎನ್ನುವ ಹಾಗೆ ನೋಡಿ, ಅಳತೊಡಗಿತು.

"ಕತ್ತು! ಕತ್ತು ಹಿಡಿ! ಎಡಗೈ ಇನ್ನೂ ಒಳಗೆ," ಎಂದೆ. "ನೀರು ಜಾಸ್ತಿ ಆಯ್ತು. ಮೊದಲು ಎದೆಗೆ ಹಾಕ್ಬೇಕು. ಹಣೆಗೆ..."

ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತೆ ಬಾಗಿಲಿಗೆ ಬಂದು, "ನೀವು ಸ್ವಲ್ಪ ಆಚೆ ಇರಿ," ಎಂದು ಬಾಗಿಲು ಹಾಕಿದರು.

ಹೊರಗೆ ಬಂದು ಸೋಫಾದ ಮೇಲೆ ಮಾವನವರ ಪಕ್ಕ ಕೂತೆ. ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಒಳಗೆ ಮಗು ಕಿರುಚುತ್ತಿತ್ತು.

"ಯೋಚನೆ ಮಾಡ್ಬೇಡಿ. ಅವಳಿಗೆ ಬರುತ್ತೆ. ಹೆಂಗಸರಿಗೆ ಅದು..." ಎಂದು ಮಾವ ಶುರುಮಾಡಿದರು. ಅಷ್ಟರಲ್ಲಿ ಒಳಗೆ ಚೊಂಬು ಬಿದ್ದು ಉರುಳಿದ ಸದ್ದಾಯಿತು. "ಅಮ್ಮಾ, ಜಾರ್ತಿದಾಳೆ, ಹಿಡ್ಕೋ!" ಎಂದು ನನ್ನ ಹೆಂಡತಿ ಕೂಗಿದ್ದು ಕೇಳಿಸಿತು. ಮಾವ ಸ್ವಲ್ಪ ಹೊತ್ತು ಬಚ್ಚಲ ಬಾಗಿಲನ್ನೇ ನೋಡಿದರು.

"ಕಲೀತಾಳೆ ಬಿಡಿ," ಎಂದರು.

ಹೆಂಡತಿ ಹೊರಗೆ ಬಂದಾಗ ತಲೆಯಿಂದ ಪಾದದವರೆಗೆ ಒದ್ದೆಯಾಗಿದ್ದಳು. ಕೆನ್ನೆಯ ಮೇಲೆ ಹೆಸರುಹಿಟ್ಟು ಮೆತ್ತಿತ್ತು. ಟವೆಲಿನೊಳಗಿನ ಮಗು ಬಿಕ್ಕುತ್ತಿತ್ತು. ಸಾಂಬ್ರಾಣಿ ಹಿಡಿದದ್ದೂ ಅವಳೇ, ಬಟ್ಟೆ ಸುತ್ತಿದ್ದೂ ಅವಳೇ. ಸುತ್ತಿದ್ದು ಸಡಿಲವಾಗಿತ್ತು, ನಾನು ಹೇಳಲಿಲ್ಲ. ಮಗು ಅವಳ ಎದೆಯ ಮೇಲೆ ಬೋರಲಾಗಿ ನಿದ್ದೆಹೋಯಿತು. ಅತ್ತೆ ಮಾವ ಅಡುಗೆಮನೆಯಲ್ಲಿದ್ದಾಗ ಅವಳು ಪಿಸುಮಾತಿನಲ್ಲಿ ಕೇಳಿದಳು:

"ನಿಂಗೆ ಮೊದಲ ದಿನ ಹೇಗಿತ್ತು?"

"ಇದಕ್ಕಿಂತ ಕೆಟ್ಟದಾಗಿ."

"ಸುಳ್ಳು ಹೇಳ್ತಿದೀಯ."

"ನಿಮ್ಮಮ್ಮನ್ನ ಕೇಳು."

ಆಮೇಲೆ ಭಾನುವಾರ, ಬ್ಯಾಂಕಿಗೆ ರಜೆ ಇರುವ ಶನಿವಾರ ಮತ್ತು ಹಬ್ಬದ ದಿನ ನೀರು ಹಾಕುವುದು ಅವಳ ಕೆಲಸವಾಯಿತು. ಮೂರು ನಾಲ್ಕು ವಾರ ಮಗು ಅತ್ತಿತು, ಆಮೇಲೆ ಅವಳ ಕಾಲಿನ ಮೇಲೂ ಆಡತೊಡಗಿತು. ನನಗೇ ಕಷ್ಟವಾಯಿತು. ಭಾನುವಾರ ಬೆಳಿಗ್ಗೆ ಬಚ್ಚಲಿಂದ ನೀರಿನ ಸದ್ದು ಬರುವಾಗ ಮನೆಯಲ್ಲಿ ಇರಲಾಗದೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಬೇಡದ ಸೊಪ್ಪನ್ನೆಲ್ಲ ತಂದು ಹಾಕುತ್ತಿದ್ದೆ. ಇದಕ್ಕೆ ಹೊಟ್ಟೆಕಿಚ್ಚು ಎನ್ನುವುದಕ್ಕಿಂತ ಒಳ್ಳೆಯ ಹೆಸರು ನನಗೆ ಸಿಗಲಿಲ್ಲ.

ಮಗಳು ಮೊದಲು ಆಡಿದ ಮಾತು "ಅಮ್ಮ". ತುಟಿ ಮುಚ್ಚಿ ಬಿಟ್ಟರೆ ಬರುವ ಸುಲಭದ ಶಬ್ದ ಅದು, ಎಲ್ಲ ಮಕ್ಕಳಿಗೂ ಬೇಗ ಬರುತ್ತದೆ. ಕೆಲವು ತಿಂಗಳು ಅವಳು ಅದನ್ನು ನಮ್ಮಿಬ್ಬರಿಗೂ ಬಳಸಿದಳು. ಲಸಿಕೆ ಹಾಕಿಸಲು ಮಾವನವರನ್ನೂ ಕರೆದುಕೊಂಡು ಹೋದಾಗ ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಮೀಸೆ ಹಿಡಿದು ಎಳೆಯುತ್ತಾ "ಅಮ್ಮಾ, ಅಮ್ಮಾ" ಎನ್ನುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಆಂಟಿಯೊಬ್ಬರು ಸ್ವಲ್ಪ ಹೊತ್ತು ನೋಡಿ, ನನ್ನ ಹೆಂಡತಿಯನ್ನು ಕೇಳಿದರು:

"ಏನಮ್ಮಾ, ಮಗು ಅಪ್ಪನ್ನ ಅಮ್ಮ ಅಂತಾಳೆ?"

"ಹಸಿವಾದಾಗ ನನ್ನನ್ನೂ ಅಂತಾಳೆ ಆಂಟಿ," ಎಂದಳು ಹೆಂಡತಿ.

ಒಳಗೆ ಕರೆದರು. ಡಾಕ್ಟರು ತೊಡೆಗೆ ಚುಚ್ಚಿದರು. ಮಗಳು ಬಾಯಿ ತೆರೆದು, ಉಸಿರು ಕಟ್ಟಿ, ಆಮೇಲೆ ಕಿರುಚಿದಳು. ನಾವಿಬ್ಬರೂ ಒಟ್ಟಿಗೇ ಕೈ ಚಾಚಿದೆವು. ಅವಳು ಇಬ್ಬರನ್ನೂ ಬಿಟ್ಟು, ಚೀಲ ಹಿಡಿದುಕೊಂಡು ಹತ್ತಿರದಲ್ಲಿ ನಿಂತಿದ್ದ ಮಾವನವರ ಕೊರಳಿಗೆ ಬಿದ್ದು ಅವರ ಅಂಗಿಯ ಮೇಲೆಲ್ಲ ಸಿಂಬಳ ಸುರಿಸಿದಳು. ಮಾವ ಅಲ್ಲಾಡದೆ ನಿಂತರು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, ಅವಳನ್ನು ತೂಗತೊಡಗಿದರು.